ಸಂಸತ್ತಿಗೆ ಬೀಗ ಬಿದ್ದ ರಾತ್ರಿ ಟ್ಯುನೀಷಿಯಾದ ಜನ ಯಾಕೆ ಹಾರ್ನ್ ಹೊಡೆದರು?

ಅಧ್ಯಕ್ಷರನ್ನು ಬೈದು ಫೇಸ್‌ಬುಕ್‌ನಲ್ಲಿ ಪೋಸ್ಟ್ ಹಾಕಿದ್ದಕ್ಕೆ ಗಲ್ಲು ಶಿಕ್ಷೆ. 2025ರ ಅಕ್ಟೋಬರ್ ಮೊದಲ ವಾರ ಟ್ಯುನೀಷಿಯಾದಿಂದ ಬಂದ ಈ ಸುದ್ದಿಯನ್ನು ಎರಡು ಸಲ ಓದಿಕೊಂಡವರೇ ಜಾಸ್ತಿ ಇರಬೇಕು. ಶಿಕ್ಷೆಯಾದದ್ದು 50 ದಾಟಿದ ಒಬ್ಬ ಕೂಲಿ ಕೆಲಸಗಾರನಿಗೆ. ಅವನು ಪಕ್ಷದ ನಾಯಕನಲ್ಲ, ಪತ್ರಕರ್ತನೂ ಅಲ್ಲ. ನಬ್ಯೂಲ್ ಎಂಬ ಕಡಲ ತೀರದ ಊರಿನ ಕೋರ್ಟು ಈ ತೀರ್ಪು ಕೊಟ್ಟಿತು. ಹೊರಗೆ ಗಲಾಟೆಯಾಯಿತು. ಕೆಲವೇ ದಿನಗಳಲ್ಲಿ ಅಧ್ಯಕ್ಷರ ಕ್ಷಮೆ ಸಿಕ್ಕಿ ಆತ ಮನೆಗೆ ಬಂದ. ಟ್ಯುನೀಷಿಯಾದಲ್ಲಿ 1991ರಿಂದ ಯಾರನ್ನೂ ಗಲ್ಲಿಗೇರಿಸಿಲ್ಲ. ಹಾಗಾಗಿ ಈತನನ್ನೂ ಏರಿಸುತ್ತಿರಲಿಲ್ಲವೇನೋ. ಆದರೆ ಒಂದು ಕೋರ್ಟಿಗೆ ಅಂಥದ್ದೊಂದು ತೀರ್ಪು ಬರೆಯಬಹುದು ಅನಿಸಿತಲ್ಲ, ವಿಷಯ ಇರುವುದು ಅಲ್ಲಿ.

ಗೊಂದಲವಾಗುವುದು ದೇಶದ ಹೆಸರು ಕೇಳಿದಾಗ. ಅರಬ್ ದೇಶಗಳಲ್ಲಿ ಸರ್ವಾಧಿಕಾರಿಗಳ ವಿರುದ್ಧ ಜನ ಎದ್ದು ನಿಂತ ಅರಬ್ ವಸಂತ ಶುರುವಾದದ್ದು ಇಲ್ಲೇ ಅಲ್ವಾ? ಈಜಿಪ್ಟಿನಲ್ಲಿ ಸೇನೆ ಬಂತು, ಸಿರಿಯಾ ಮತ್ತು ಲಿಬಿಯಾ ಯುದ್ಧದಲ್ಲಿ ಬಿದ್ದವು, ಟ್ಯುನೀಷಿಯಾ ಮಾತ್ರ ಪಾರಾಯಿತು ಎಂದು ಜಗತ್ತು ಬೆನ್ನು ತಟ್ಟಿತ್ತು. 2015ರ ನೊಬೆಲ್ ಶಾಂತಿ ಪ್ರಶಸ್ತಿಯೂ ಅಲ್ಲಿಗೇ ಹೋಗಿತ್ತು.

ಇನ್ನೂ ಒಂದು ವಿಚಿತ್ರ ಇದೆ. ಈ ದೇಶದ ಪ್ರಜಾಪ್ರಭುತ್ವವನ್ನು ಯಾರೂ ಬಂದೂಕು ಹಿಡಿದು ಕಿತ್ತುಕೊಳ್ಳಲಿಲ್ಲ. 2021ರ ಜುಲೈ 25ರ ರಾತ್ರಿ ಅಧ್ಯಕ್ಷ ಕೈಸ್ ಸಯೀದ್ ಸಂಸತ್ತನ್ನು ಸ್ಥಗಿತಗೊಳಿಸಿದಾಗ ರಾಜಧಾನಿ ಟ್ಯೂನಿಸ್‌ನಲ್ಲಿ ಕೋವಿಡ್ ಕರ್ಫ್ಯೂ ಇತ್ತು. ಅದನ್ನೂ ಲೆಕ್ಕಿಸದೆ ಜನ ಬೀದಿಗಿಳಿದರು. ಕಾರುಗಳ ಹಾರ್ನ್ ಹೊಡೆದರು, ಬಾವುಟ ಬೀಸಿದರು, ಪಟಾಕಿ ಹಚ್ಚಿದರು. 10 ವರ್ಷದ ಹಿಂದೆ ಸರ್ವಾಧಿಕಾರಿಯನ್ನು ಓಡಿಸಿದ್ದ ಜನ ಇವರೇ. ಈ ಸಂಭ್ರಮ ಯಾಕೆ ಎಂಬುದು ಗೊತ್ತಾದರೆ ಗಲ್ಲು ಶಿಕ್ಷೆಯ ತೀರ್ಪಿನವರೆಗಿನ ದಾರಿಯೂ ಕಾಣುತ್ತದೆ.

ತಕ್ಕಡಿಯಿಂದ ಶುರುವಾದದ್ದು

2010ರ ಡಿಸೆಂಬರ್ 17. ಸಿದಿ ಬೂಜಿದ್ ಎಂಬ ಒಳನಾಡಿನ ಬಡ ಪಟ್ಟಣ. ತಳ್ಳುಗಾಡಿಯಲ್ಲಿ ಹಣ್ಣು ಮಾರುತ್ತಿದ್ದ ಮೊಹಮದ್ ಬುವಾಜಿಜಿ ಎಂಬ ಯುವಕನ ತಕ್ಕಡಿಯನ್ನು ಪುರಸಭೆಯವರು ಕಿತ್ತುಕೊಂಡರು. ದೂರು ಹೇಳಲು ಹೋದರೆ ಗವರ್ನರ್ ಕಚೇರಿಯಲ್ಲಿ ಯಾರೂ ಕೇಳಲಿಲ್ಲ. ಆತ ಆ ಕಚೇರಿಯ ಎದುರೇ ಮೈಗೆ ಬೆಂಕಿ ಹಚ್ಚಿಕೊಂಡ. 28 ದಿನಗಳಲ್ಲಿ, ಅಂದರೆ 2011ರ ಜನವರಿ 14ಕ್ಕೆ, 23 ವರ್ಷ ಆಳಿದ್ದ ಬೆನ್ ಅಲಿ ವಿಮಾನ ಹತ್ತಿ ಸೌದಿ ಅರೇಬಿಯಾಕ್ಕೆ ಓಡಿದರು.

ಆ ದಿನಗಳಲ್ಲಿ ಬೀದಿಯಲ್ಲಿ ಕೇಳಿಬಂದ ಘೋಷಣೆ 'ಕೆಲಸ, ಸ್ವಾತಂತ್ರ್ಯ, ದೇಶದ ಮಾನ' ಎಂದು. ಮೊದಲ ಪದ ಯಾವುದು ನೋಡಿ. ಹೊರಗಿನವರು ಈ ಕ್ರಾಂತಿಯನ್ನು ಮತಪೆಟ್ಟಿಗೆಯ ಕಥೆಯಾಗಿ ಓದಿದರು. ಒಳನಾಡಿನ ಜನಕ್ಕೆ ಅದು ಮೊದಲು ಕೆಲಸದ ಕಥೆ. ಮುಂದಿನ 10 ವರ್ಷದಲ್ಲಿ ಸ್ವಾತಂತ್ರ್ಯ ಬಂತು, ಅದೂ ಧಾರಾಳವಾಗಿಯೇ ಬಂತು. ಪತ್ರಿಕೆಗಳು ಬಾಯಿಬಿಟ್ಟವು, ಚುನಾವಣೆಗಳು ನ್ಯಾಯವಾಗಿ ನಡೆದವು, 2014ರ ಜನವರಿಯಲ್ಲಿ ಅರಬ್ ಜಗತ್ತಿನಲ್ಲೇ ಉದಾರವೆನ್ನಬಹುದಾದ ಸಂವಿಧಾನ ಜಾರಿಗೆ ಬಂತು. ಕೆಲಸ ಮಾತ್ರ ಬರಲಿಲ್ಲ.

ಹಳಿಯ ಮೇಲಿನ ಟೆಂಟು

ಆರ್ಥಿಕತೆ ಕುಸಿದದ್ದು ಒಂದೇ ಏಟಿಗಲ್ಲ. ಗಫ್ಸಾ ಪ್ರದೇಶದ ಫಾಸ್ಫೇಟ್ ಗಣಿಗಳನ್ನು ನೋಡಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಫಾಸ್ಫೇಟ್ ಅಂದರೆ ಗೊಬ್ಬರದ ಮೂಲ. ನಮಗೂ ದೂರದ ವಿಷಯವಲ್ಲ. ನಮ್ಮ ಡಿಎಪಿ ಗೊಬ್ಬರಕ್ಕೆ ಬೇಕಾದ ಫಾಸ್ಫರಿಕ್ ಆಸಿಡ್ ಬರುವ ದೇಶಗಳಲ್ಲಿ ಟ್ಯುನೀಷಿಯಾ ಕೂಡ ಒಂದು, ಅಲ್ಲಿನ ಸ್ಖೀರಾ ಕಾರ್ಖಾನೆಯಲ್ಲಿ ಭಾರತದ ಎರಡು ಗೊಬ್ಬರ ಕಂಪನಿಗಳ ಪಾಲೂ ಇದೆ.

2010ರಲ್ಲಿ ದೇಶ ಸುಮಾರು 80 ಲಕ್ಷ ಟನ್ ಫಾಸ್ಫೇಟ್ ತೆಗೆದಿತ್ತು. ಕ್ರಾಂತಿಯ ನಂತರ ಅದು ಅರ್ಧಕ್ಕಿಂತಲೂ ಕೆಳಗಿಳಿಯಿತು. ಮಣ್ಣಿನಡಿ ಫಾಸ್ಫೇಟ್ ಮುಗಿದಿರಲಿಲ್ಲ. ಗಣಿಯ ಊರುಗಳ ನಿರುದ್ಯೋಗಿ ಹುಡುಗರು ರೈಲು ಹಳಿಯ ಮೇಲೆ ಟೆಂಟು ಹಾಕಿ ಕೂತಿದ್ದರು. 'ನಮಗೆ ಕೆಲಸ ಕೊಡಿ, ಆಮೇಲೆ ಗೂಡ್ಸ್ ಬಿಡಿ' ಎಂಬುದು ಅವರ ಪಟ್ಟು. ಹಿಂದೆ ಬೆನ್ ಅಲಿ ಆಗಿದ್ದರೆ ಪೊಲೀಸರನ್ನು ಕಳಿಸಿ ಎಬ್ಬಿಸುತ್ತಿದ್ದರು. ಹೊಸ ಸರ್ಕಾರಗಳಿಗೆ ಹೊಡೆಯುವ ಮನಸ್ಸಿಲ್ಲ, ಕೊಡಲು ಕೆಲಸವಿಲ್ಲ. ಹಾಗಾಗಿ ಗಣಿ ಕಂಪನಿಯ ಅಡಿಯಲ್ಲಿ 'ಪರಿಸರ ಕಂಪನಿ' ಎಂಬ ಹೆಸರಲ್ಲಿ ಸಾವಿರಾರು ಜನರನ್ನು ಸೇರಿಸಿಕೊಂಡರು. ಹಲವರಿಗೆ ಕೆಲಸವೇ ಇರಲಿಲ್ಲ, ಸಂಬಳ ಮಾತ್ರ ಬರುತ್ತಿತ್ತು. ಉತ್ಪಾದನೆ ಇಳಿಯಿತು, ಸಂಬಳದ ಪಟ್ಟಿ ಉದ್ದವಾಯಿತು. ಪಕ್ಕದೂರಿನವರು ಇದನ್ನು ನೋಡಿ ತಾವೂ ಹಳಿಯ ಮೇಲೆ ಕೂತರು.

ಇಡೀ ದೇಶದ ಲೆಕ್ಕವೂ ಇದೇ ದಾರಿ ಹಿಡಿಯಿತು. ಶಾಂತಿ ಕೊಳ್ಳಲು ಸರ್ಕಾರಿ ನೌಕರಿ ಹಂಚಿದರು. ಸರ್ಕಾರಿ ಸಂಬಳದ ಬಾಬ್ತು ದೇಶದ ಒಟ್ಟು ಉತ್ಪನ್ನದ ಶೇ. 15ನ್ನೂ ದಾಟಿತು. 2015ರಲ್ಲಿ ಉಗ್ರರು ಮಾರ್ಚ್‌ನಲ್ಲಿ ಬಾರ್ದೋ ಮ್ಯೂಸಿಯಂ ಮೇಲೆ, ಜೂನ್‌ನಲ್ಲಿ ಸೂಸ್ ಬೀಚಿನ ಮೇಲೆ ದಾಳಿ ಮಾಡಿದರು. ಸೂಸ್ ಒಂದರಲ್ಲೇ 38 ಪ್ರವಾಸಿಗರು ಸತ್ತರು. ಹೋಟೆಲುಗಳು ಖಾಲಿ ಹೊಡೆದವು, ಡಾಲರ್ ಬರುವ ಬಾಗಿಲು ಅರ್ಧ ಮುಚ್ಚಿತು. ಕ್ರಾಂತಿಗೆ ಮುಂಚೆ ಒಂದು ಡಾಲರಿಗೆ ಸುಮಾರು 1.4 ದಿನಾರ್ ಇದ್ದದ್ದು 10 ವರ್ಷದೊಳಗೆ ಎರಡು ಪಟ್ಟಾಯಿತು. ಗೋಧಿ, ಎಣ್ಣೆ, ಔಷಧಿಯನ್ನು ಹೊರಗಿನಿಂದ ತರುವ ದೇಶದಲ್ಲಿ ಇದರರ್ಥ ಪ್ರತಿ ಮನೆಯ ತಿಂಗಳ ಖರ್ಚು ಏರಿತು ಎಂದೇ. ಸಾಲ ಒಟ್ಟು ಉತ್ಪನ್ನದ ಸುಮಾರು ಶೇ. 40ರಿಂದ ಶೇ. 80ರ ಆಸುಪಾಸಿಗೆ ಹೋಯಿತು. ಐಎಂಎಫ್ ಹತ್ತಿರ 2013ರಲ್ಲಿ ಒಂದು ಸಲ, 2016ರಲ್ಲಿ ಇನ್ನೊಂದು ಸಲ ಕೈಯೊಡ್ಡಿದ್ದಾಯಿತು. ಕೊನೆಗೆ ಕೋವಿಡ್. 2020ರಲ್ಲಿ ಆರ್ಥಿಕತೆ ಸುಮಾರು ಶೇ. 9ರಷ್ಟು ಕುಗ್ಗಿತು. ಸ್ವಾತಂತ್ರ್ಯ ಬಂದ 1956ರ ನಂತರ ಅಂಥ ಕುಸಿತವನ್ನು ದೇಶ ಕಂಡಿರಲಿಲ್ಲ.

10 ವರ್ಷ, 9 ಪ್ರಧಾನಿಗಳು

ಕಷ್ಟದಲ್ಲಿದ್ದ ದೇಶಕ್ಕೆ ಗಟ್ಟಿ ನಿರ್ಧಾರ ಮಾಡುವ ಸರ್ಕಾರ ಬೇಕಿತ್ತು. 2011ರ ಜನವರಿಯಿಂದ 2021ರ ಜುಲೈವರೆಗೆ ಟ್ಯುನೀಷಿಯಾ ಕಂಡದ್ದು 9 ಪ್ರಧಾನಿಗಳನ್ನು. ಒಬ್ಬೊಬ್ಬರಿಗೆ ಸರಾಸರಿ ವರ್ಷಕ್ಕಿಂತ ಚೂರು ಜಾಸ್ತಿ. ಕಡತ ಓದಿ ಮುಗಿಸುವಷ್ಟರಲ್ಲಿ ಕುರ್ಚಿ ಹೋಗುತ್ತಿತ್ತು.

ಮೊದಲ ಐದು ವರ್ಷದ ರಾಜಕಾರಣವನ್ನು ಹೊರಗಿನವರು 'ಒಮ್ಮತ' ಎಂದು ಹೊಗಳಿದರು. 2013ರಲ್ಲಿ ಎಡಪಂಥೀಯ ನಾಯಕ ಶುಕ್ರಿ ಬೆಲೈದ್ ಮತ್ತು ಸಂಸದ ಮೊಹಮದ್ ಬ್ರಾಹ್ಮಿ ಕೊಲೆಯಾದಾಗ ದೇಶ ಅಂತರ್ಯುದ್ಧದ ಅಂಚಿಗೆ ಬಂದಿತ್ತು. ಕಾರ್ಮಿಕ ಸಂಘಟನೆ ಯುಜಿಟಿಟಿ, ಉದ್ಯಮಿಗಳ ಒಕ್ಕೂಟ, ಮಾನವ ಹಕ್ಕುಗಳ ಸಂಘ, ವಕೀಲರ ಸಂಘ ನಾಲ್ಕೂ ಸೇರಿ ಎಲ್ಲರನ್ನೂ ಮೇಜಿಗೆ ಕರೆತಂದು ಕೂರಿಸಿದವು. ನೊಬೆಲ್ ಸಿಕ್ಕಿದ್ದು ಇವರಿಗೇ. ಅದು ಸಣ್ಣ ಸಾಧನೆಯಲ್ಲ.

ಆದರೆ ಆ ಒಮ್ಮತಕ್ಕೆ ಇನ್ನೊಂದು ಮುಖವಿತ್ತು. 2014ರ ಚುನಾವಣೆಯಲ್ಲಿ ಧಾರ್ಮಿಕ ಪಕ್ಷ ಎನ್ನಹ್ದಾ ಮತ್ತು ಅದರ ವಿರೋಧಕ್ಕೆಂದೇ ಹುಟ್ಟಿದ ನಿದಾ ಟ್ಯೂನಿಸ್ ಎದುರುಬದುರಾಗಿದ್ದವು. 'ಅವರನ್ನು ತಡೆಯಲು ನಮಗೆ ಓಟು ಕೊಡಿ' ಎಂದು ಇಬ್ಬರೂ ಕೇಳಿದ್ದರು. ಓಟು ಎಣಿಸಿದ ಮೇಲೆ ಇಬ್ಬರೂ ಕೂಡಿ ಸರ್ಕಾರ ಮಾಡಿದರು. ಶಾಂತಿಗೆ ಅದು ಒಳ್ಳೆಯದೇ ಇರಬಹುದು. ಓಟು ಹಾಕಿದವನಿಗೆ ಮಾತ್ರ ಯಾರಿಗೆ ಹಾಕಿದರೂ ಬರುವುದು ಅದೇ ಗುಂಪು ಅನ್ನುವುದು ಪಕ್ಕಾ ಆಯಿತು. ಸರ್ಕಾರದ ಮೇಲೆ ಸಿಟ್ಟು ಬಂದರೆ ಹೋಗಿ ಸೇರಲು ದೊಡ್ಡ ವಿರೋಧ ಪಕ್ಷವೇ ಉಳಿಯಲಿಲ್ಲ. ಹಾಗಾಗಿ ಸಿಟ್ಟು ಯಾವುದೋ ಒಂದು ಪಕ್ಷದ ಮೇಲೆ ತೀರಿಕೊಳ್ಳದೆ ಇಡೀ ಸಂಸತ್ತಿನ ಮೇಲೆ ತಿರುಗಿತು. ನನ್ನ ಮಟ್ಟಿಗೆ ಇಡೀ ಕಥೆಯ ತಿರುವು ಇದೇ.

2019ರ ಸಂಸತ್ತು ಚೂರುಚೂರಾಗಿತ್ತು. 217 ಸ್ಥಾನಗಳಲ್ಲಿ ಅತಿ ದೊಡ್ಡ ಪಕ್ಷ ಎನ್ನಹ್ದಾಗೆ ಸಿಕ್ಕಿದ್ದು 52. ಕಲಾಪವೆಲ್ಲ ಟಿವಿಯಲ್ಲಿ ನೇರ ಪ್ರಸಾರ. ಸಂಸದರು ಕೈ ಕೈ ಮಿಲಾಯಿಸಿದ್ದನ್ನು ಜನ ಮನೆಯಲ್ಲಿ ಕೂತು ನೋಡಿದರು. 2021ರ ಜೂನ್ ಕೊನೆಗೆ ಎನ್ನಹ್ದಾದ ಕಟ್ಟಾ ವಿರೋಧಿ, ಸಂಸದೆ ಅಬೀರ್ ಮೂಸಿಯವರಿಗೆ ಇನ್ನೊಬ್ಬ ಸಂಸದ ಸದನದಲ್ಲೇ ಹೊಡೆದ. ಆಕೆ ಹೆಲ್ಮೆಟ್ಟು, ಗುಂಡು ನಿರೋಧಕ ಜಾಕೆಟ್ಟು ತೊಟ್ಟು ಸದನಕ್ಕೆ ಬಂದದ್ದೂ ಉಂಟು. ಅದೇ ವಾರಗಳಲ್ಲಿ ಆಸ್ಪತ್ರೆಗಳಲ್ಲಿ ಆಮ್ಲಜನಕ ಸಾಲದೆ ಜನ ಸಾಯುತ್ತಿದ್ದರು, ಆಫ್ರಿಕಾದಲ್ಲೇ ಅತಿ ಕೆಟ್ಟ ಕೋವಿಡ್ ಸಾವಿನ ಪ್ರಮಾಣ ಅಲ್ಲಿತ್ತು. ಜುಲೈ 20ರ ಬಕ್ರೀದ್ ದಿನ ಸರ್ಕಾರ ದಿಢೀರನೆ ಎಲ್ಲರಿಗೂ ಲಸಿಕೆ ಎಂದು ಸಾರಿತು. ನೂಕುನುಗ್ಗಲಾಯಿತು, ಲಸಿಕೆ ಸಾಲದಾಯಿತು. ಪ್ರಧಾನಿ ಆರೋಗ್ಯ ಮಂತ್ರಿಯನ್ನು ಕಿತ್ತುಹಾಕಿದರು. ಐದು ದಿನ ಬಿಟ್ಟು ಪ್ರಧಾನಿಯೇ ಇರಲಿಲ್ಲ.

ಪಕ್ಷವಿಲ್ಲದ ಮೇಷ್ಟ್ರು

ಕೈಸ್ ಸಯೀದ್ ಸಂವಿಧಾನ ಕಾನೂನಿನ ಮೇಷ್ಟ್ರು. ಪಕ್ಷವಿಲ್ಲ, ದೊಡ್ಡ ರ‍್ಯಾಲಿಯಿಲ್ಲ. ಪ್ರಚಾರಕ್ಕೆ ಸರ್ಕಾರ ಕೊಡುವ ಹಣವೂ ಬೇಡವೆಂದರು. ಬೀದಿಯ ಆಡುಮಾತು ಬಿಟ್ಟು ಗ್ರಾಂಥಿಕ ಅರೇಬಿಕ್‌ನಲ್ಲಿ, ಏರಿಳಿತವಿಲ್ಲದ ದನಿಯಲ್ಲಿ ಮಾತಾಡುತ್ತಾರೆ. ಜನ 'ರೋಬೋಕಾಪ್' ಎಂದು ಅಡ್ಡಹೆಸರಿಟ್ಟರು. 2019ರ ಅಕ್ಟೋಬರ್‌ನಲ್ಲಿ ಟಿವಿ ಚಾನೆಲ್ ಮಾಲೀಕ ನಬೀಲ್ ಕರೂಯಿ ಎದುರು ಅವರು ಶೇ. 72ಕ್ಕೂ ಹೆಚ್ಚು ಮತ ಪಡೆದು ಗೆದ್ದರು. ಯುವಕರ ಮತ ಬಹುಪಾಲು ಅವರಿಗೇ ಬಿತ್ತು.

ಸರ್ವಾಧಿಕಾರಿ ಅಂದ ತಕ್ಷಣ ನಮ್ಮ ಕಣ್ಣಿಗೆ ಬರುವುದು ಮಿಲಿಟರಿ ಟೋಪಿ, ಬಾಲ್ಕನಿ, ಕೂಗಾಡುವ ಭಾಷಣ. ಇಲ್ಲಿ ಬಂದದ್ದು ಲಂಚ ಮುಟ್ಟದ, ರಾಜಕಾರಣಿಗಳ ಸಹವಾಸವಿಲ್ಲದ, ಸಭ್ಯ ನಿವೃತ್ತ ಉಪನ್ಯಾಸಕ. ಪಕ್ಷಗಳ ಮೇಲೆ ನಂಬಿಕೆ ಹೋದ ದೇಶದಲ್ಲಿ ಪಕ್ಷವಿಲ್ಲದಿರುವುದೇ ದೊಡ್ಡ ಅರ್ಹತೆಯಾಗಿಬಿಟ್ಟಿತು. ಆದರೆ ಪಕ್ಷ ಎನ್ನುವುದು ನಾಯಕನ ಕೈ ಹಿಡಿದು ಎಳೆಯುವ ಹಗ್ಗವೂ ಹೌದು. ಸಯೀದ್ ಅವರಿಗೆ 'ಬೇಡ ಸಾರ್' ಎಂದು ಹೇಳುವ ಸ್ವಂತದವರು ಯಾರೂ ಇರಲಿಲ್ಲ.

ಖಾಲಿ ಕುರ್ಚಿಗಳ ಕೋರ್ಟು

2014ರ ಸಂವಿಧಾನ ಒಂದು ಸಾಂವಿಧಾನಿಕ ನ್ಯಾಯಾಲಯ ಇರಬೇಕು ಎಂದಿತ್ತು. 12 ಸದಸ್ಯರು. ನಾಲ್ವರನ್ನು ಸಂಸತ್ತು ಆರಿಸಬೇಕು, ನಾಲ್ವರನ್ನು ನ್ಯಾಯಾಂಗ ಮಂಡಳಿ, ನಾಲ್ವರನ್ನು ಅಧ್ಯಕ್ಷರು. ಅಧ್ಯಕ್ಷ ಮತ್ತು ಪ್ರಧಾನಿ ಕಿತ್ತಾಡಿದರೆ ಯಾರು ಸರಿ ಎಂದು ಹೇಳುವ ಅಂಪೈರ್ ಇದೇ. ಒಂದು ವರ್ಷದೊಳಗೆ ಆಗಬೇಕಿದ್ದ ಕೆಲಸ ಏಳು ವರ್ಷವಾದರೂ ಆಗಲಿಲ್ಲ.

ಕಾರಣ ಸರಳ. ಸಂಸತ್ತಿನ ಪಾಲಿನ ನಾಲ್ವರಿಗೆ ಮೂರನೇ ಎರಡರಷ್ಟು, ಅಂದರೆ 145 ಮತ ಬೇಕಿತ್ತು. ಎನ್ನಹ್ದಾ ಸೂಚಿಸಿದವರನ್ನು ಸೆಕ್ಯುಲರ್ ಪಕ್ಷಗಳು ಒಪ್ಪಲಿಲ್ಲ, ಅವರು ಸೂಚಿಸಿದವರನ್ನು ಎನ್ನಹ್ದಾ ಒಪ್ಪಲಿಲ್ಲ. ಅಷ್ಟು ವರ್ಷದಲ್ಲಿ ಆಯ್ಕೆಯಾದದ್ದು ಒಬ್ಬರೇ ಒಬ್ಬರು. 2021ರ ಮಾರ್ಚ್‌ನಲ್ಲಿ ಸಂಸತ್ತಿಗೆ ಜ್ಞಾನೋದಯವಾಗಿ ಮತದ ಮಿತಿಯನ್ನು ಐದನೇ ಮೂರಕ್ಕೆ ಇಳಿಸುವ ಮಸೂದೆ ಮಾಡಿತು. ಸಯೀದ್ ಸಹಿ ಹಾಕಲಿಲ್ಲ. ಗಡುವು ಎಂದೋ ಮುಗಿದಿದೆ, ಈಗ ಮಾಡಿದರೆ ಸಂವಿಧಾನಬಾಹಿರ ಎಂದರು. ಮೇಷ್ಟ್ರ ತರ್ಕ ಪುಸ್ತಕದ ಪ್ರಕಾರ ತಪ್ಪೇನಲ್ಲ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಅನ್ನುವುದು ಇದಕ್ಕೇ.

ಆ ಕೋರ್ಟು ಯಾಕೆ ಮುಖ್ಯ ಎಂದರೆ ಸಂವಿಧಾನದ 80ನೇ ವಿಧಿ. ದೇಶಕ್ಕೆ ತುರ್ತು ಅಪಾಯ ಬಂದರೆ ಅಧ್ಯಕ್ಷರು ಅಸಾಧಾರಣ ಕ್ರಮ ಕೈಗೊಳ್ಳಬಹುದು ಎನ್ನುತ್ತದೆ ಆ ವಿಧಿ. ಜೊತೆಗೆ ಕಟ್ಟುಪಾಡುಗಳೂ ಇದ್ದವು. ಪ್ರಧಾನಿ ಮತ್ತು ಸ್ಪೀಕರ್ ಜೊತೆ ಸಮಾಲೋಚಿಸಬೇಕು. ಸಂಸತ್ತನ್ನು ವಿಸರ್ಜಿಸುವಂತಿಲ್ಲ, ಅದು ಸತತವಾಗಿ ಸೇರುತ್ತಲೇ ಇರಬೇಕು. 30 ದಿನದ ನಂತರ ಸ್ಪೀಕರ್ ಅಥವಾ 30 ಸಂಸದರು ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋಗಿ 'ಅಪಾಯ ಇನ್ನೂ ಇದೆಯೇ?' ಎಂದು ಕೇಳಬಹುದು. ಕೇಳಬೇಕಾದ ಕೋರ್ಟೇ ಇಲ್ಲದಿದ್ದಾಗ ಈ 30 ದಿನಕ್ಕೆ ಏನು ಅರ್ಥ?

ಜುಲೈ 25ರ ರಾತ್ರಿ ಸಯೀದ್ ಸೇನೆ ಮತ್ತು ಪೊಲೀಸ್ ಅಧಿಕಾರಿಗಳನ್ನು ಸುತ್ತ ಕೂರಿಸಿಕೊಂಡು ಟಿವಿಗೆ ಬಂದರು. 80ನೇ ವಿಧಿಯ ಹೆಸರಲ್ಲಿ ಪ್ರಧಾನಿ ಹಿಶಾಮ್ ಮೆಶೀಶಿಯನ್ನು ವಜಾ ಮಾಡಿ, ಸಂಸತ್ತನ್ನು ಸ್ಥಗಿತಗೊಳಿಸಿ, ಸಂಸದರಿಗಿದ್ದ ಕಾನೂನಿನ ರಕ್ಷಣೆ ತೆಗೆದರು. ಸತತವಾಗಿ ಸೇರಬೇಕಾದ ಸಂಸತ್ತಿಗೇ ಬೀಗ. ಬೆಳಗಿನ ಜಾವ ಎನ್ನಹ್ದಾ ನಾಯಕರೂ ಸ್ಪೀಕರ್ ಕೂಡ ಆಗಿದ್ದ ರಾಶಿದ್ ಘನ್ನೂಶಿ ಸಂಸತ್ ಭವನದ ಗೇಟಿಗೆ ಬಂದರು. ಒಳಗಡೆ ಸೈನಿಕರು. ಗೇಟು ತೆಗೆಯಲಿಲ್ಲ. 80 ವರ್ಷದ ಆ ಮುದುಕ ಹೊರಗೆ ಕಾರಿನಲ್ಲೇ ಕೂತರು. ಅವರನ್ನು ಬೆಂಬಲಿಸಿ ಬಂದವರಷ್ಟೇ ಅಲ್ಲ, ಮೂದಲಿಸಲು ಬಂದವರೂ ಅಲ್ಲಿ ಸೇರಿದ್ದರು. ಆಗ ನಡೆದ ಒಂದು ಸಮೀಕ್ಷೆಯಲ್ಲಿ ಶೇ. 87 ಜನ ಅಧ್ಯಕ್ಷರ ಕ್ರಮ ಸರಿ ಎಂದರು.

ಹಿಟ್ಲರ್ ಬಂದದ್ದು ಹಣದುಬ್ಬರದಿಂದಲ್ಲ

ಬಡತನ ಜಾಸ್ತಿಯಾದರೆ ಸರ್ವಾಧಿಕಾರಿ ಬರುತ್ತಾನೆ ಎಂಬ ಸಿದ್ಧ ಸೂತ್ರ ಇದೆ. ಅದು ಅರ್ಧ ನಿಜ. ಜರ್ಮನಿಯನ್ನೇ ನೋಡಿ. ಗಾಡಿ ತುಂಬ ನೋಟು ಕೊಟ್ಟು ಬ್ರೆಡ್ಡು ತಂದ ಕಥೆ 1923ರದ್ದು. ಅದೇ ವರ್ಷ ಮ್ಯೂನಿಕ್‌ನಲ್ಲಿ ದಂಗೆಗೆ ಕೈಹಾಕಿದ ಹಿಟ್ಲರ್ ಜೈಲಿಗೆ ಹೋದ. ಐದು ವರ್ಷದ ನಂತರ, 1928ರ ಚುನಾವಣೆಯಲ್ಲಿ ಅವನ ಪಕ್ಷಕ್ಕೆ ಸಿಕ್ಕಿದ್ದು ಶೇ. 2.6 ಮತ.

ದಾರಿ ತೆರೆದದ್ದು 1930ರಲ್ಲಿ. ಆಗ ಬಂದದ್ದು ಮಹಾ ಕುಸಿತ, ನಿರುದ್ಯೋಗ. ನಿರುದ್ಯೋಗ ವಿಮೆಯ ವಂತಿಗೆಯನ್ನು ಚೂರು ಏರಿಸುವ ವಿಷಯಕ್ಕೆ ಕಿತ್ತಾಡಿಕೊಂಡು ಮಾರ್ಚ್‌ನಲ್ಲಿ ಸಮ್ಮಿಶ್ರ ಸರ್ಕಾರ ಬಿತ್ತು. ಅಲ್ಲಿಂದ ಹೊಸ ಚಾನ್ಸಲರ್ ಬ್ರ್ಯೂನಿಂಗ್ ಸಂಸತ್ತನ್ನು ಬದಿಗಿಟ್ಟು, ಸಂವಿಧಾನದ 48ನೇ ವಿಧಿಯ ತುರ್ತು ಆಜ್ಞೆಗಳ ಮೇಲೆ ಆಳತೊಡಗಿದರು. ಸಂಬಳ, ಪಿಂಚಣಿ ಎಲ್ಲ ಆಜ್ಞೆಯ ಮೇಲೇ ಕಡಿತ. ಅದೇ ಸೆಪ್ಟೆಂಬರ್‌ನಲ್ಲಿ ನಾಜಿಗಳ ಮತ ಶೇ. 18ಕ್ಕೆ ಹಾರಿತು, 1932ರ ಜುಲೈನಲ್ಲಿ ಶೇ. 37. ಆ ವರ್ಷ ಜರ್ಮನಿಯ ಸಂಸತ್ತು ಸೇರಿದ್ದು ಬರೀ 13 ದಿನ. ಹಿಟ್ಲರ್ ಚಾನ್ಸಲರ್ ಆಗುವ ಮೊದಲೇ ಜನಕ್ಕೆ ಸಂಸತ್ತಿಲ್ಲದೆ ಬದುಕುವ ಅಭ್ಯಾಸ ಆಗಿತ್ತು.

ಹಾಗಂತ ಹಿಟ್ಲರ್ ಮತ್ತು ಸಯೀದ್‌ರನ್ನು ಒಂದೇ ತಕ್ಕಡಿಯಲ್ಲಿ ಇಡುವುದು ಮೂರ್ಖತನ. ಹೋಲಿಕೆ ಇರುವುದು ದಾರಿಯಲ್ಲಿ ಮಾತ್ರ. ಎರಡೂ ಕಡೆ ಜೇಬು ಖಾಲಿಯಾಯಿತು, ಅದಕ್ಕೆ ಸಂಸತ್ತೇ ಕಾರಣ ಎಂದು ಜನ ನಂಬಿದರು, ಸಂವಿಧಾನದ ಒಳಗೇ ಒಂದು ತುರ್ತು ಬಾಗಿಲು ಇತ್ತು.

ಬಿಕ್ಕಟ್ಟಿದ್ದೂ ಬೇರೆ ದಾರಿ ಹಿಡಿದ ದೇಶಗಳಿವೆ. ಗ್ರೀಸ್‌ನ ಆರ್ಥಿಕತೆ 2008ರ ನಂತರದ ವರ್ಷಗಳಲ್ಲಿ ಸುಮಾರು ಕಾಲು ಭಾಗ ಕರಗಿತು, ನಿರುದ್ಯೋಗ ಶೇ. 27 ಮುಟ್ಟಿತು. ಗೋಲ್ಡನ್ ಡಾನ್ ಎಂಬ ನವನಾಜಿ ಪಕ್ಷ ಸಂಸತ್ತಿಗೂ ಬಂತು. 2020ರಲ್ಲಿ ಕೋರ್ಟು ಅದನ್ನು ಅಪರಾಧಿ ಗುಂಪು ಎಂದು ಸಾರಿ ನಾಯಕರನ್ನು ಜೈಲಿಗೆ ಕಳಿಸಿತು.

ನಮಗೆ ಹತ್ತಿರದ ಉದಾಹರಣೆ ಶ್ರೀಲಂಕಾ. 2018ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಸಿರಿಸೇನ ಪ್ರಧಾನಿ ರನಿಲ್ ವಿಕ್ರಮಸಿಂಘೆಯನ್ನು ಕಿತ್ತುಹಾಕಿ, ನವೆಂಬರ್‌ನಲ್ಲಿ ಸಂಸತ್ತನ್ನು ವಿಸರ್ಜಿಸಿದರು. ಸಂಸದರು ಸದನದಲ್ಲಿ ಖಾರದ ಪುಡಿ ಎರಚಾಡಿಕೊಂಡದ್ದು ಆಗಲೇ. ಡಿಸೆಂಬರ್ 13ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು ಒಮ್ಮತದಿಂದ 'ಇದು ಸಂವಿಧಾನಬಾಹಿರ' ಎಂದರು. ಮೂರೇ ದಿನಕ್ಕೆ ರನಿಲ್ ಮತ್ತೆ ಪ್ರಧಾನಿ. ನಂತರ ಆ ದೇಶ ಗೋಟಬಯರನ್ನು ಆರಿಸಿತು, ದಿವಾಳಿಯಾಯಿತು, ಅವರನ್ನು ಓಡಿಸಿತು, ಎಲ್ಲ ಆಯಿತು. ಆದರೂ 2024ರ ಸೆಪ್ಟೆಂಬರ್‌ನಲ್ಲಿ ಸರಿಯಾದ ಚುನಾವಣೆಯಲ್ಲೇ ಹೊಸ ಅಧ್ಯಕ್ಷರು ಬಂದರು. ಸಿರಿಸೇನ ಮಾಡಿದ್ದಕ್ಕೂ ಸಯೀದ್ ಮಾಡಿದ್ದಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಕೊಲಂಬೊದಲ್ಲಿ ಬಾಗಿಲು ತಟ್ಟಲು ಒಂದು ಕೋರ್ಟಿತ್ತು.

ದಂಗೆಯೋ, ದುರಸ್ತಿಯೋ

ಟ್ಯುನೀಷಿಯಾದಲ್ಲಿ ಈಗಲೂ ಜುಲೈ 25ಕ್ಕೆ ಎರಡು ಹೆಸರಿವೆ. ಬೆಂಬಲಿಗರಿಗೆ ಅದು ಕ್ರಾಂತಿಯ ದಾರಿ ಸರಿಪಡಿಸಿದ ದಿನ. 2011ರಿಂದ 2021ರವರೆಗಿನದ್ದು 'ಕರಾಳ ದಶಕ', ಸಂಸದರು ಕಾನೂನಿನ ರಕ್ಷಣೆಯಲ್ಲಿ ಲೂಟಿ ಹೊಡೆದರು ಎಂಬುದು ಅವರ ವಾದ. ಅದನ್ನು ಸುಮ್ನೆ ತಳ್ಳಿಹಾಕಲು ಬರುವುದಿಲ್ಲ. ಹೊಟ್ಟೆಗಿಲ್ಲದವನ ಎದುರು ಅಧಿಕಾರ ವಿಭಜನೆಯ ಪಾಠ ಮಾಡುವುದು ಸುಲಭವೂ ಅಲ್ಲ. ವಿರೋಧಿಗಳಿಗೆ ಅದು ಶುದ್ಧ ದಂಗೆ. ವಿಧಿಯ ಅಕ್ಷರವನ್ನೇ ಮುರಿದು ವಿಧಿಯ ಹೆಸರಲ್ಲಿ ಮಾಡಿದ ದಂಗೆ.

ಇಬ್ಬರ ನಡುವೆ ಮೂರನೆಯ ಗುಂಪೊಂದಿತ್ತು, ಮುಂದಿನದನ್ನು ತೀರ್ಮಾನಿಸಿದ್ದು ಅದೇ. ಎನ್ನಹ್ದಾಗೆ ಪೆಟ್ಟು ಬಿದ್ದರೆ ಸಾಕು ಎಂದು ಕಾದು ಕೂತ ಎಡಪಂಥೀಯರು, ಸೆಕ್ಯುಲರ್ ನಾಯಕರು ಇದರಲ್ಲಿದ್ದರು. ಯುಜಿಟಿಟಿ ಕೂಡ ಸಂವಿಧಾನದ ಮಿತಿಯಲ್ಲಿರಿ ಎಂದು ಎಚ್ಚರಿಸಿತೇ ಹೊರತು ದಂಗೆ ಎನ್ನಲಿಲ್ಲ. ಅಧ್ಯಕ್ಷರು ಗಲೀಜು ತೆಗೆದು ಒಂದು ತಿಂಗಳಲ್ಲಿ ಕೀಲಿ ವಾಪಸ್ ಕೊಡುತ್ತಾರೆ ಎಂಬ ಲೆಕ್ಕ ಹಲವರದ್ದು. ಸಯೀದ್ ಕೂಡ ಆಗ ಫ್ರಾನ್ಸಿನ ದ ಗಾಲ್ 1958ರಲ್ಲಿ ಆಡಿದ್ದ ಮಾತನ್ನೇ ನೆನಪಿಸಿ, ಈ ವಯಸ್ಸಿನಲ್ಲಿ ಸರ್ವಾಧಿಕಾರಿಯ ವೃತ್ತಿ ಶುರು ಮಾಡುತ್ತೇನೆಯೇ ಎಂದು ಪತ್ರಕರ್ತರಲ್ಲಿ ಕೇಳಿದ್ದರು.

ಕೀಲಿ ವಾಪಸ್ ಬರಲಿಲ್ಲ

30 ದಿನ ಮುಗಿಯುವ ಹೊತ್ತಿಗೆ ಆದೇಶ 'ಮುಂದಿನ ಸೂಚನೆಯವರೆಗೆ' ಎಂದು ಬದಲಾಯಿತು. ಸೆಪ್ಟೆಂಬರ್‌ನಲ್ಲಿ ಆಜ್ಞೆಗಳ ಮೂಲಕ ಆಳುವ ಅಧಿಕಾರ ತೆಗೆದುಕೊಂಡರು. 2022ರ ಫೆಬ್ರವರಿಯಲ್ಲಿ ನ್ಯಾಯಾಂಗ ಮಂಡಳಿ ಹೋಯಿತು, ಮಾರ್ಚ್‌ನಲ್ಲಿ ಸಂಸತ್ತೇ ವಿಸರ್ಜನೆಯಾಯಿತು, ಜೂನ್‌ನಲ್ಲಿ 57 ನ್ಯಾಯಾಧೀಶರು ಒಂದೇ ಏಟಿಗೆ ವಜಾ. ಜುಲೈನಲ್ಲಿ ಹೊಸ ಸಂವಿಧಾನಕ್ಕೆ ಜನಮತ. ಕರಡು ಬರೆದ ಸಮಿತಿಯ ಮುಖ್ಯಸ್ಥ ಸಾದೊಕ್ ಬೆಲೈದ್ ಅವರೇ 'ಇದು ನಾವು ಬರೆದುಕೊಟ್ಟದ್ದಲ್ಲ' ಎಂದು ಕೈತೊಳೆದುಕೊಂಡರು. ಶೇ. 94ಕ್ಕೂ ಹೆಚ್ಚು ಮತ 'ಹೌದು' ಎಂದು ಬಿತ್ತು. ಮತ ಹಾಕಲು ಬಂದವರು ಶೇ. 30ರ ಆಸುಪಾಸು. ಡಿಸೆಂಬರ್‌ನ ಸಂಸತ್ ಚುನಾವಣೆಗೆ ಬಂದವರು ಬರೀ ಶೇ. 11.

ಕೆಲಸಕ್ಕೆ ಬಂದ ಇನ್ನೊಂದು ಆಯುಧ 2022ರ ಸೆಪ್ಟೆಂಬರ್‌ನ 54ನೇ ಆಜ್ಞೆ. ಸುಳ್ಳು ಸುದ್ದಿ ಹರಡಿದರೆ ಐದು ವರ್ಷ ಜೈಲು, ಅದು ಸರ್ಕಾರಿ ಅಧಿಕಾರಿಯ ಬಗ್ಗೆ ಇದ್ದರೆ ಹತ್ತು. ಸುಳ್ಳು ಯಾವುದು ಎಂದು ಹೇಳುವವರೂ ಸರ್ಕಾರದವರೇ. 2023ರ ಏಪ್ರಿಲ್‌ನಲ್ಲಿ ಘನ್ನೂಶಿ ಬಂಧನವಾಯಿತು. ಎನ್ನಹ್ದಾ ವಿರೋಧಿಗಳಲ್ಲಿ ಕೆಲವರು ಒಳಗೊಳಗೇ ಖುಷಿಪಟ್ಟಿರಬಹುದು. ಅಕ್ಟೋಬರ್‌ನಲ್ಲಿ ಅಬೀರ್ ಮೂಸಿಯೂ ಜೈಲು ಸೇರಿದರು. ಒಬ್ಬರನ್ನೊಬ್ಬರು ಕಂಡರಾಗದ ಇಬ್ಬರೂ ಈಗ ಕಂಬಿಯ ಹಿಂದೆ.

2024ರ ಅಕ್ಟೋಬರ್ ಚುನಾವಣೆಗೆ ಆಯೋಗ ಒಪ್ಪಿದ್ದು ಮೂವರು ಅಭ್ಯರ್ಥಿಗಳನ್ನು. ಇನ್ನೂ ಮೂವರನ್ನು ಸೇರಿಸಿ ಎಂದು ಆಡಳಿತ ನ್ಯಾಯಾಲಯ ಹೇಳಿತು. ಆಯೋಗ ಕೇಳಲಿಲ್ಲ. ಮತದಾನಕ್ಕೆ ಹತ್ತು ದಿನವೂ ಇಲ್ಲದಾಗ ಹೊಸ ಸಂಸತ್ತು ಚುನಾವಣಾ ವ್ಯಾಜ್ಯಗಳನ್ನೇ ಆ ನ್ಯಾಯಾಲಯದಿಂದ ಕಿತ್ತುಕೊಂಡಿತು. ಎದುರಾಳಿ ಅಯಾಶಿ ಜಮ್ಮೇಲ್ ಜೈಲಿನಿಂದಲೇ ಸ್ಪರ್ಧಿಸಿದರು. ಸಯೀದ್ ಶೇ. 90ಕ್ಕೂ ಹೆಚ್ಚು ಮತ ಪಡೆದರು. 2025ರ ಏಪ್ರಿಲ್‌ನಲ್ಲಿ 'ದೇಶದ ಭದ್ರತೆಗೆ ಸಂಚು' ಎಂಬ ಕೇಸಿನಲ್ಲಿ ಸುಮಾರು 40 ಮಂದಿಗೆ 13ರಿಂದ 66 ವರ್ಷದವರೆಗೆ ಜೈಲು. ಫೇಸ್‌ಬುಕ್ ಪೋಸ್ಟಿಗೆ ಗಲ್ಲು ಎಂಬ ತೀರ್ಪನ್ನು ಈ ಸಾಲಿನಲ್ಲಿಟ್ಟು ನೋಡಿದರೆ ಅದು ದಿಢೀರನೆ ಬಂದದ್ದಲ್ಲ. ಬಿಗಿಯಾದ ಶಿಕ್ಷೆ ಕೊಟ್ಟ ನ್ಯಾಯಾಧೀಶನಿಗೆ ತೊಂದರೆಯಿಲ್ಲ, ಬಿಟ್ಟು ಕಳಿಸಿದವನ ಕುರ್ಚಿಗೆ ಖಾತ್ರಿಯಿಲ್ಲ.

ಬ್ರೆಡ್ಡಿನ ಕ್ಯೂ

ಇಷ್ಟೆಲ್ಲ ಆದಮೇಲೆ ಕೆಲಸ ಬಂತೇ? ಟ್ಯುನೀಷಿಯಾದವರ ಊಟ ಬಗೆತ್ ಎಂಬ ಉದ್ದನೆಯ ಬ್ರೆಡ್ಡಿಲ್ಲದೆ ಆಗುವುದಿಲ್ಲ. ಸರ್ಕಾರ ಸಬ್ಸಿಡಿ ಕೊಟ್ಟು ಅದರ ಬೆಲೆಯನ್ನು 190 ಮಿಲೀಮ್‌ನಲ್ಲಿ, ಅಂದರೆ ದಿನಾರಿನ ಐದನೇ ಒಂದು ಭಾಗಕ್ಕಿಂತ ಕಡಿಮೆಯಲ್ಲಿ ಹಿಡಿದಿಟ್ಟಿದೆ. 2023ರ ಬೇಸಿಗೆಯಲ್ಲಿ ಬೇಕರಿಗಳ ಮುಂದೆ ಉದ್ದುದ್ದ ಕ್ಯೂ. ಗೋಧಿ ತರಿಸಲು ಸರ್ಕಾರದ ಬಳಿ ಡಾಲರ್ ಸಾಲುತ್ತಿರಲಿಲ್ಲ. ಸಕ್ಕರೆ, ಕಾಫಿ, ಅಕ್ಕಿ ಕೂಡ ಅಂಗಡಿಗಳಿಂದ ಮಾಯವಾಗುತ್ತಿದ್ದವು. ಅಧ್ಯಕ್ಷರು ದೂರಿದ್ದು ಕಾಳಸಂತೆಯವರನ್ನು, ಸಂಚುಕೋರರನ್ನು.

2022ರ ಅಕ್ಟೋಬರ್‌ನಲ್ಲಿ ಐಎಂಎಫ್ 190 ಕೋಟಿ ಡಾಲರ್ ಸಾಲಕ್ಕೆ ಪ್ರಾಥಮಿಕ ಒಪ್ಪಿಗೆ ಕೊಟ್ಟಿತ್ತು. ಷರತ್ತು, ಸಬ್ಸಿಡಿ ಇಳಿಸಿ ಎಂದು. 2023ರ ಏಪ್ರಿಲ್‌ನಲ್ಲಿ ಸಯೀದ್ ಹೊರಗಿನವರ ಅಪ್ಪಣೆ ಒಪ್ಪುವುದಿಲ್ಲ ಎಂದರು. ಅವರ ಭಯಕ್ಕೆ ಕಾರಣವಿದೆ. 1984ರ ಜನವರಿಯಲ್ಲಿ ಬ್ರೆಡ್ಡಿನ ಬೆಲೆ ಎರಡು ಪಟ್ಟಾದಾಗ ದೇಶ ಹೊತ್ತಿ ಉರಿದು, ಅಧ್ಯಕ್ಷ ಬುರ್ಗಿಬಾ ಟಿವಿಗೆ ಬಂದು ಹಳೇ ಬೆಲೆಯೇ ಇರಲಿ ಎನ್ನಬೇಕಾಯಿತು. ಸಾಲ ಬೇಡವೆಂದ ಮೇಲೆ ಹಣ ಎಲ್ಲಿಂದ? 2024ರ ಫೆಬ್ರವರಿಯಲ್ಲಿ ಸಂಸತ್ತು ಕೇಂದ್ರ ಬ್ಯಾಂಕಿನಿಂದ 700 ಕೋಟಿ ದಿನಾರನ್ನು ಬಡ್ಡಿಯಿಲ್ಲದೆ ನೇರವಾಗಿ ಖಜಾನೆಗೆ ಪಡೆಯಲು ಒಪ್ಪಿತು. ಪ್ರವಾಸಿಗರು ಮರಳಿ ಬಂದದ್ದರಿಂದ ಉಸಿರಾಡಲು ಜಾಗ ಸಿಕ್ಕಿತು, ಹಣದುಬ್ಬರವೂ 2023ರ ಶೇ. 10ರ ಮಟ್ಟದಿಂದ ಇಳಿಯಿತು. ದೇಶ ದಿವಾಳಿಯಾಗುತ್ತದೆ ಎಂದು ಭವಿಷ್ಯ ಹೇಳಿದವರು ಇಲ್ಲಿಯವರೆಗೆ ಸೋತಿದ್ದಾರೆ, ಅದನ್ನೂ ಹೇಳಬೇಕು.

ಅಸ್ಥಿರತೆ? 2021ರ ಸೆಪ್ಟೆಂಬರ್‌ನಿಂದ 2025ರ ಮಾರ್ಚ್ ನಡುವೆ ಸಯೀದ್ ನೇಮಿಸಿದ ಪ್ರಧಾನಿಗಳು ನಾಲ್ವರು. ಕರಾಳ ದಶಕದ ವೇಗವೇ. ವ್ಯತ್ಯಾಸ ಇಷ್ಟೇ, ಈಗ ಯಾಕೆ ತೆಗೆದಿರಿ ಎಂದು ಕೇಳುವ ಸದನವಿಲ್ಲ.

ಸಿಟ್ಟಿಗೆ ಬೇರೆ ಗುರಿಯೂ ಸಿಕ್ಕಿತು. 2023ರ ಫೆಬ್ರವರಿಯಲ್ಲಿ ಸಯೀದ್, ಸಹಾರಾ ದಕ್ಷಿಣದ ಕಪ್ಪು ವಲಸಿಗರು ದೇಶದ ಜನಸಂಖ್ಯೆಯ ಸ್ವರೂಪ ಬದಲಿಸುವ ಸಂಚಿನ ಭಾಗ ಎಂಬರ್ಥದ ಮಾತಾಡಿದರು. ಬೀದಿಗಳಲ್ಲಿ ಹಲ್ಲೆಗಳಾದವು, ಬಾಡಿಗೆ ಮನೆಗಳಿಂದ ಜನರನ್ನು ಹೊರಹಾಕಿದರು. ಅದೇ ವರ್ಷ ಇಟಲಿಗೆ ದೋಣಿ ಹೊರಡುವ ತಾಣವಾಗಿ ಟ್ಯುನೀಷಿಯಾ ಲಿಬಿಯಾವನ್ನೂ ಹಿಂದಿಕ್ಕಿತು. ಜುಲೈನಲ್ಲಿ ಯುರೋಪಿನ ನಾಯಕರು ಟ್ಯೂನಿಸ್‌ಗೆ ಬಂದು ಒಪ್ಪಂದ ಮಾಡಿಕೊಂಡರು. ವಲಸೆ ತಡೆಯಲು 10.5 ಕೋಟಿ ಯೂರೋ. ಪ್ರಜಾಪ್ರಭುತ್ವದ ಪ್ರಶ್ನೆ ಫೋಟೋದಲ್ಲಿ ಕಾಣಲಿಲ್ಲ.

ಗಬೇಸ್‌ನ ಹೊಗೆ

ಇನ್ನು ಮುಂದೆ? ಫಾಸ್ಫೇಟಿಗೇ ಮರಳಬೇಕು. ಗಫ್ಸಾದ ಗಣಿಯಿಂದ ಬಂದ ಫಾಸ್ಫೇಟನ್ನು ಸಂಸ್ಕರಿಸುವ ಸರ್ಕಾರಿ ರಾಸಾಯನಿಕ ಕಾರ್ಖಾನೆ ಗಬೇಸ್ ಎಂಬ ಕಡಲೂರಿನಲ್ಲಿದೆ. ಅದರ ಹೊಗೆ, ಕಡಲಿಗೆ ಬಿಡುವ ಕಸ ಊರಿನ ಹಳೇ ಗೋಳು. 2017ರಲ್ಲೇ ಸರ್ಕಾರ ಆ ಘಟಕಗಳನ್ನು ತೆಗೆಯುತ್ತೇವೆ ಎಂದಿತ್ತು. ಆದರೆ ಡಾಲರಿಗೆ ಬಾಯಿಬಿಡುವ ಖಜಾನೆ ಈಗ ಫಾಸ್ಫೇಟ್ ಉತ್ಪಾದನೆ ಏರಿಸಲು ಹೊರಟಿದೆ. 2025ರ ಅಕ್ಟೋಬರ್‌ನಲ್ಲಿ, ಅಂದರೆ ಗಲ್ಲು ಶಿಕ್ಷೆಯ ಸುದ್ದಿ ಬಂದ ತಿಂಗಳೇ, ಅಲ್ಲಿ ಶಾಲಾ ಮಕ್ಕಳು ಉಸಿರುಗಟ್ಟಿ ಆಸ್ಪತ್ರೆ ಸೇರಿದರು. ಸಾವಿರಾರು ಜನ ಬೀದಿಗಿಳಿದರು. ಅಕ್ಟೋಬರ್ 21ರಂದು ಇಡೀ ಊರು ಅಂಗಡಿ ಮುಚ್ಚಿ ಮುಷ್ಕರ ಹೂಡಿತು.

ಹಿಂದಿನ ಕಾಲದಲ್ಲಾದರೆ ಇಂಥ ಸಿಟ್ಟು ಸಂಸದನ ಮನೆಗೆ ಹೋಗುತ್ತಿತ್ತು, ಸದನದಲ್ಲಿ ಕೂಗಾಟವಾಗುತ್ತಿತ್ತು, ಒಬ್ಬ ಮಂತ್ರಿಯ ತಲೆ ಉರುಳುತ್ತಿತ್ತು. ಗಬೇಸ್‌ನ ತಾಯಂದಿರು ಮಕ್ಕಳ ಮಾಸ್ಕ್ ಹಿಡಿದುಕೊಂಡು ಈಗ ಯಾರ ಮನೆ ಬಾಗಿಲಿಗೆ ಹೋಗಬೇಕು? ನಡುವೆ ಇದ್ದವರನ್ನೆಲ್ಲ ತೆಗೆದ ಮೇಲೆ ಉಳಿದಿರುವ ವಿಳಾಸ ಒಂದೇ, ಕಾರ್ಥೇಜ್‌ನ ಅಧ್ಯಕ್ಷರ ಅರಮನೆ.